ಪಕ್ಷಕ್ಕಿಂತ ಮೊದಲು ಹುಟ್ಟಿದ ಪತ್ರಿಕೆಗಳು



ಕಳೆದ ತಿಂಗಳು ನಮ್ಮ ವಾಚನಾಲಯದಲ್ಲಿ ಒಂದು ಸಣ್ಣ ಜಗಳ ನಡೆಯಿತು. ದ್ವಿತೀಯ ಪಿಯುಸಿಯ ಒಬ್ಬ ಹುಡುಗ ಮೇಜಿನ ಮೇಲಿದ್ದ ದಿನಪತ್ರಿಕೆಯೊಂದನ್ನು ಮಡಚಿ ಬೀರುವಿನ ಹಿಂದೆ ತುರುಕಿದ್ದ. ಅವನ ಗೆಳೆಯ ಅದನ್ನು ಎಳೆದು ತೆಗೆಯಲು ಹೋದ, ಹಾಳೆ ಹರಿಯಿತು. ಏಕೆ ಬಚ್ಚಿಟ್ಟೆ ಎಂದು ಕೇಳಿದರೆ, "ಸರ್, ಅದು ಅವರ ಪಕ್ಷದ ಪೇಪರ್" ಎಂದ. ನಾನು ಇಬ್ಬರಿಗೂ ಬೈದು ಕಳಿಸಿದೆ. ಆಮೇಲೆ ಸ್ಟಾಫ್ ರೂಮಿನಲ್ಲಿ ಕೂತಾಗ, ಬೈಯುವ ಬದಲು ಪಾಠ ಮಾಡಬೇಕಿತ್ತು ಅನ್ನಿಸಿತು. ಆ ಪಾಠವನ್ನು ಇಲ್ಲಿ ಬರೆಯುತ್ತಿದ್ದೇನೆ.

"ಪಕ್ಷದ ಪೇಪರ್" ಎಂಬ ಮಾತು ಇಂದು ಬೈಗುಳವಾಗಿದೆ. ಆದರೆ ಮೊದಲ ಮಹಾಯುದ್ಧ ಮುಗಿದ 1918ರಿಂದ ಎರಡನೆಯದು ಶುರುವಾದ 1939ರವರೆಗಿನ ಕಾಲವನ್ನು ತೆಗೆದುಕೊಳ್ಳಿ. ಆಗ ಜಗತ್ತಿನ ಎಷ್ಟೋ ದೇಶಗಳಲ್ಲಿ ಪತ್ರಿಕೆ ಎಂದರೆ ಪಕ್ಷದ ಪತ್ರಿಕೆಯೇ. ರೇಡಿಯೋ ಆಗಷ್ಟೇ ಕಣ್ಣು ಬಿಡುತ್ತಿತ್ತು. ಒಂದು ಪಕ್ಷಕ್ಕೆ ತನ್ನ ಮಾತನ್ನು ದೂರದ ಹಳ್ಳಿಗೆ ಮುಟ್ಟಿಸಲು ಮುದ್ರಣ ಯಂತ್ರ ಮತ್ತು ಅಂಚೆ ಬಿಟ್ಟು ಬೇರೆ ದಾರಿ ಇರಲಿಲ್ಲ.

ಒಂದು ದೂರದ ಉದಾಹರಣೆ ಕೊಡುತ್ತೇನೆ, ಏಕೆಂದರೆ ಅಲ್ಲಿ ಚಿತ್ರ ಸ್ಪಷ್ಟವಾಗಿದೆ. ಯುರೋಪಿನ ಬಲ್ಗೇರಿಯಾ ಆಗ ನಮ್ಮಂತೆಯೇ ಸಣ್ಣ ಹಿಡುವಳಿ ರೈತರ ದೇಶವಾಗಿತ್ತು. ಅಲ್ಲಿ ರೈತರ ಒಂದು ಪಕ್ಷವಿತ್ತು. ಅದರ ಪತ್ರಿಕೆಯ ಹೆಸರು 'ಜೆಮೆದೆಲ್ಸ್ಕೊ ಜ್ನಾಮೆ', ಅಂದರೆ ಬೇಸಾಯಗಾರರ ಬಾವುಟ. ಆ ಪತ್ರಿಕೆಯ ಸಂಪಾದಕರಾಗಿದ್ದ ಅಲೆಕ್ಸಾಂಡರ್ ಸ್ತಾಂಬೊಲಿಸ್ಕಿ 1919ರಲ್ಲಿ ದೇಶದ ಪ್ರಧಾನಿಯೇ ಆದರು. 1923ರ ಜೂನ್ 9ರಂದು ಸೇನಾಧಿಕಾರಿಗಳು ಸೇರಿ ಅವರ ಸರ್ಕಾರವನ್ನು ಉರುಳಿಸಿದರು, ಕೆಲವೇ ದಿನಗಳಲ್ಲಿ ಅವರ ಕೊಲೆಯಾಯಿತು. ಅಲ್ಲಿನ ಕಮ್ಯುನಿಸ್ಟರಿಗೆ 1897ರಿಂದ ಬರುತ್ತಿದ್ದ 'ಕಾರ್ಮಿಕರ ಪತ್ರಿಕೆ' ಇತ್ತು. ಅದು 1923ರಲ್ಲಿ ನಿಂತಿತು. 1924ರಲ್ಲಿ ಪಕ್ಷಕ್ಕೇ ನಿಷೇಧ ಬಿತ್ತು. 1927ರಲ್ಲಿ ಅದೇ ಜನ ಇನ್ನೊಂದು ಹೆಸರಿನಲ್ಲಿ ಮತ್ತೆ ಪತ್ರಿಕೆ ತಂದರು. 1934ರ ಮೇ 19ರಂದು ಇನ್ನೊಂದು ದಂಗೆಯಾಗಿ ಎಲ್ಲ ಪಕ್ಷಗಳನ್ನೂ ರದ್ದು ಮಾಡಲಾಯಿತು. ಇಲ್ಲಿ ಕ್ರಮವನ್ನು ಗಮನಿಸಿ. ಮೊದಲು ಪಕ್ಷ, ಆಮೇಲೆ ಅದರ ಪತ್ರಿಕೆ. ಪಕ್ಷ ಬಿದ್ದಾಗ ಪತ್ರಿಕೆಗೂ ಏಟು.

ಈಗ ನಮ್ಮ ಕಡೆಗೆ ಬನ್ನಿ. ಚಿತ್ರದುರ್ಗ, ಹಿರಿಯೂರು, ನಮ್ಮ ಐಮಂಗಲ ಎಲ್ಲವೂ ಆಗ ಮೈಸೂರು ಸಂಸ್ಥಾನಕ್ಕೆ ಸೇರಿದ್ದವು. ಇಲ್ಲಿ ಈ ಕ್ರಮ ತಿರುಗುಮುರುಗಾಗಿತ್ತು. ಪತ್ರಿಕೆ ಮೊದಲು ಬಂತು, ಪಕ್ಷ ಗಟ್ಟಿಯಾದದ್ದು ಆಮೇಲೆ. ಏಕೆ ಹಾಗೆ ಎಂಬುದಕ್ಕೆ ಉತ್ತರ ಒಂದು ಕಾನೂನಿನಲ್ಲಿದೆ.

ಆ ಕಾನೂನು 1908ರ ಮೈಸೂರು ವೃತ್ತಪತ್ರಿಕೆಗಳ ರೆಗ್ಯುಲೇಷನ್. ಆಗ ದಿವಾನರು ವಿ.ಪಿ. ಮಾಧವರಾವ್. ಅದರ ಸಾರ ಇಷ್ಟು: ಸಂಸ್ಥಾನದಲ್ಲಿ ಯಾರೇ ಪತ್ರಿಕೆ ಹೊರಡಿಸಬೇಕಾದರೂ ಸರ್ಕಾರದ ಅನುಮತಿ ಮೊದಲೇ ಪಡೆಯಬೇಕು, ಕೊಟ್ಟ ಅನುಮತಿಯನ್ನು ಸರ್ಕಾರ ಯಾವಾಗ ಬೇಕಾದರೂ ಹಿಂದಕ್ಕೆ ತೆಗೆದುಕೊಳ್ಳಬಹುದು. ಇದನ್ನು ಬ್ರಿಟಿಷ್ ಇಂಡಿಯಾದ ಕಾನೂನಿನ ಜೊತೆ ಇಟ್ಟು ನೋಡಿ. ಅಲ್ಲಿ 1910ರ ಪ್ರೆಸ್ ಕಾಯ್ದೆ ಪತ್ರಿಕೆಗಳಿಂದ ಠೇವಣಿ ಕೇಳುತ್ತಿತ್ತು. ಸರ್ಕಾರಕ್ಕೆ ಆಗದ ಮಾತು ಬರೆದರೆ ಠೇವಣಿ ಮುಟ್ಟುಗೋಲು. ಪ್ರತಿವರ್ಷ ನವೆಂಬರ್ 11ರಂದು ನಮ್ಮ ಕಾಲೇಜಿನಲ್ಲಿ ನೀವು ಯಾರ ಮೇಲೆ ಭಾಷಣ ಮಾಡುತ್ತೀರೋ ಆ ಮೌಲಾನಾ ಆಜಾದರ 'ಅಲ್ ಹಿಲಾಲ್' ಕಲ್ಕತ್ತೆಯಲ್ಲಿ 1912ರಲ್ಲಿ ಶುರುವಾಗಿ 1914ರಲ್ಲಿ ನಿಂತದ್ದು ಹೀಗೆಯೇ. ಮೊದಲು 2,000 ರೂಪಾಯಿ ಠೇವಣಿ ಹೋಯಿತು, ಆಮೇಲೆ 10,000 ಕೇಳಿದರು. ಆ ಕಾಯ್ದೆ 1922ರಲ್ಲಿ ರದ್ದಾಯಿತು, 1931ರಲ್ಲಿ ಇನ್ನೊಂದು ಹೆಸರಿನಲ್ಲಿ ಮರಳಿ ಬಂತು. ಆದರೂ ಅಲ್ಲಿ ಕಳೆದುಕೊಳ್ಳುತ್ತಿದ್ದುದು ಹಣ. ಹಣವನ್ನು ಜನರಿಂದ ಮತ್ತೆ ಕೂಡಿಸಬಹುದು. ಮೈಸೂರಿನಲ್ಲಿ ಕಳೆದುಕೊಳ್ಳುತ್ತಿದ್ದುದು ಅನುಮತಿಯನ್ನೇ. ಅದನ್ನು ಯಾರ ಹತ್ತಿರ ಚಂದಾ ಎತ್ತಿ ತರುವುದು?

ಪರೀಕ್ಷೆಯಲ್ಲಿ ಮೈಸೂರು "ಮಾದರಿ ಸಂಸ್ಥಾನ" ಎಂದು ನೀವು ಬರೆಯುತ್ತೀರಿ. ಬರೆಯಿರಿ, ಅದು ತಪ್ಪಲ್ಲ. ಮಾರಿಕಣಿವೆ ಅಣೆಕಟ್ಟನ್ನು ಕಣ್ಣಾರೆ ನೋಡುವ ನಮಗೆ ಅದನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ. ಆದರೆ ಪತ್ರಿಕೆಗಳ ವಿಷಯದಲ್ಲಿ ಈ ಮಾದರಿ ಸಂಸ್ಥಾನದ ಕಾನೂನು ಬ್ರಿಟಿಷರ ಕಾನೂನಿಗಿಂತ ಬಿಗಿಯಾಗಿತ್ತು ಎಂಬುದನ್ನೂ ಒಂದು ಸಾಲು ಸೇರಿಸಿ.

ಕಾನೂನು ಬಂದಾಗ ಮೈಸೂರಿನ ಹಿರಿಯ ಪತ್ರಕರ್ತ ಎಂ. ವೆಂಕಟಕೃಷ್ಣಯ್ಯನವರು, ಜನ ಪ್ರೀತಿಯಿಂದ ತಾತಯ್ಯ ಎನ್ನುತ್ತಿದ್ದವರು, ಪ್ರತಿಭಟನೆಯಾಗಿ ತಮ್ಮ ಪತ್ರಿಕೆಗಳನ್ನು ತಾವೇ ನಿಲ್ಲಿಸಿದರು. ಅನುಮತಿ ಬೇಡಿ ಬರೆಯುವುದಕ್ಕಿಂತ ಬರೆಯದಿರುವುದೇ ಮೇಲು ಎಂಬ ನಿಲುವು. ದೊಡ್ಡ ನಿಲುವೇ ಸರಿ. ಆದರೆ ಇದರಿಂದ ಸರ್ಕಾರಕ್ಕೆ ಬೇಕಾದದ್ದೇ ಆಯಿತಲ್ಲವೇ ಎಂಬ ಸಂಶಯ ನನಗೆ ಇನ್ನೂ ಇದೆ, ತರಗತಿಯಲ್ಲಿ ಚರ್ಚೆ ಮಾಡೋಣ. ನಮ್ಮ ಜಿಲ್ಲೆಗೂ ಇದರಲ್ಲಿ ಪಾಲಿದೆ. ದಾವಣಗೆರೆ ಆಗ ಚಿತ್ರದುರ್ಗ ಜಿಲ್ಲೆಯಲ್ಲಿತ್ತು. ಶಾಲಾ ಮಾಸ್ತರಿಕೆ ಬಿಟ್ಟು ಬಂದ ಹರ್ಡೇಕರ್ ಮಂಜಪ್ಪನವರು ಅಲ್ಲಿ 1906ರಲ್ಲಿ 'ಧನುರ್ಧಾರಿ' ಎಂಬ ವಾರಪತ್ರಿಕೆ ಶುರುಮಾಡಿದ್ದರು. ಅದಾಗಿ ಎರಡೇ ವರ್ಷಕ್ಕೆ ಈ ಕಾನೂನು.

ಇಂಥ ಕಾನೂನಿನ ಕೆಳಗೆ "ಇದು ನಮ್ಮ ಪಕ್ಷದ ಪತ್ರಿಕೆ" ಎಂದು ಹಣೆಯ ಮೇಲೆ ಬರೆದುಕೊಂಡು ಬರುವುದು ಕಷ್ಟ. ಹಾಗಾಗಿ ಇಲ್ಲಿ ಪತ್ರಿಕೆಗಳು ಒಬ್ಬ ವ್ಯಕ್ತಿಯ ಹೆಸರಿನಲ್ಲೋ ಒಂದು ಸಮುದಾಯದ ಹೆಸರಿನಲ್ಲೋ ಹುಟ್ಟಿದವು. ಲಿಂಗಾಯತ ಸಮುದಾಯದ ಮಾತನ್ನು ಯಜಮಾನ್ ವೀರಸಂಗಪ್ಪನವರ 'ಮೈಸೂರ್ ಸ್ಟಾರ್' ಆಡುತ್ತಿತ್ತು. ಒಕ್ಕಲಿಗರ ಸಂಘಕ್ಕೆ 'ಒಕ್ಕಲಿಗರ ಪತ್ರಿಕೆ' ಇತ್ತು. ಸರ್ಕಾರಿ ನೌಕರಿ ಮತ್ತು ಓದು ಕೆಲವರ ಕೈಯಲ್ಲೇ ಉಳಿದಿದೆ, ನಮಗೂ ಪಾಲು ಬೇಕು ಎಂಬುದು ಇವುಗಳ ಕೂಗು. ಇದೇ ಕೂಗು 1917ರಲ್ಲಿ ಪ್ರಜಾಮಿತ್ರ ಮಂಡಲಿಯಾಯಿತು. ಅದರಲ್ಲಿ ಬಸವಯ್ಯ, ಎಚ್. ಚನ್ನಯ್ಯ ಮೊದಲಾದವರ ಜೊತೆ ಗುಲಾಮ್ ಅಹ್ಮದ್ ಕಲಾಮಿ, ಮಹಮ್ಮದ್ ಅಬ್ಬಾಸ್ ಖಾನ್ ಇದ್ದರು. ಮರುವರ್ಷ ಮಿಲ್ಲರ್ ಸಮಿತಿ ರಚನೆಯಾಯಿತು. ಇಂದು ನೀವು ಅರ್ಜಿಯಲ್ಲಿ ತುಂಬುವ ಮೀಸಲಾತಿಯ ಕಾಲಂನ ಅಜ್ಜ ಆ ಸಮಿತಿಯ ವರದಿ.

ಇನ್ನೊಂದು ಕಡೆ ಕಾಂಗ್ರೆಸ್. ಆರ್.ಆರ್. ದಿವಾಕರರು 1921ರಲ್ಲಿ ಧಾರವಾಡದಲ್ಲಿ 'ಕರ್ಮವೀರ' ತಂದಾಗ ಅಲ್ಲಿ ಕಾಂಗ್ರೆಸ್ ಸಮಿತಿ, ಕಾರ್ಯಕರ್ತರು, ಸತ್ಯಾಗ್ರಹ ಎಲ್ಲವೂ ಇದ್ದವು. ಸಂಸ್ಥಾನದಲ್ಲಿ ಹಾಗಿಲ್ಲ. ರಾಜರ ಸಂಸ್ಥಾನಗಳ ಒಳಗಿನ ವಿಷಯಕ್ಕೆ ಕೈ ಹಾಕುವುದು ಬೇಡ ಎಂಬುದು ಬಹಳ ಕಾಲ ಕಾಂಗ್ರೆಸ್ಸಿನದೇ ನೀತಿಯಾಗಿತ್ತು. ಹಾಗಾಗಿ 1920ರ ದಶಕದ ಮೈಸೂರಿನಲ್ಲಿ ಕಾಂಗ್ರೆಸ್ ಎಂದರೆ ಕೆಲವು ವಕೀಲರು, ಖಾದಿ ತೊಟ್ಟ ಕೆಲವು ಹುಡುಗರು, ಜೊತೆಗೆ ಮೂರ್ನಾಲ್ಕು ಪತ್ರಿಕೆಗಳು. ಪಿ.ಆರ್. ರಾಮಯ್ಯನವರ 'ತಾಯಿನಾಡು', ತಿರುಮಲೆ ತಾತಾಚಾರ್ಯ ಶರ್ಮರ 'ವಿಶ್ವಕರ್ನಾಟಕ', ಸೀತಾರಾಮ ಶಾಸ್ತ್ರಿಗಳ 'ವೀರಕೇಸರಿ'. ಶಾಸ್ತ್ರಿಗಳಿಗೆ ಆ ಪತ್ರಿಕೆಯ ಹೆಸರೇ ಅಂಟಿಕೊಂಡು ಅವರು ವೀರಕೇಸರಿ ಸೀತಾರಾಮ ಶಾಸ್ತ್ರಿಯೇ ಆಗಿಬಿಟ್ಟರು. ಪತ್ರಿಕೆಗೂ ಮನುಷ್ಯನಿಗೂ ನಡುವೆ ಅಂತರವೇ ಇಲ್ಲದ ಕಾಲ ಅದು.

ಈ ಸಂಪಾದಕರ ಸ್ಥಿತಿಯನ್ನು ಸ್ವಲ್ಪ ಊಹಿಸಿಕೊಳ್ಳಿ. ಬಲ್ಗೇರಿಯಾದ ಸಂಪಾದಕನ ಹಿಂದೆ ಒಂದು ಪಕ್ಷ, ಅದರ ಸದಸ್ಯರು, ಅದರ ಚಂದಾ ಹಣ ಇತ್ತು. ಇಲ್ಲಿ ಸಂಪಾದಕನೇ ಮಾಲೀಕ, ಅವನೇ ಸಾಲಗಾರ, ಕಾಗದ ತರುವವನೂ ಅವನೇ, ಕೋರ್ಟಿನ ಕಟಕಟೆ ಹತ್ತುವವನೂ ಅವನೇ. ದಿವಾನರ ಕಚೇರಿ ಒಂದು ಕಾಗದ ಕಳಿಸಿದರೆ ಮನೆಯ ಒಲೆಯೇ ಆರಬಹುದು. ಹೀಗಿರುವಾಗ ಬರೆಯುವ ಮಾತಿಗೆ ಒಂದು ಬಗೆಯ ಜಾಣತನ ಬರುತ್ತದೆ. ಮಹಾರಾಜರಿಗೆ ಜಯವಾಗಲಿ ಎನ್ನುವುದು, ದಿವಾನರ ಆಡಳಿತವನ್ನು ಟೀಕಿಸುವುದು. ಅರಮನೆಯ ಮೇಲಿನ ಭಕ್ತಿ ಮತ್ತು ಜವಾಬ್ದಾರಿ ಸರ್ಕಾರದ ಬೇಡಿಕೆ ಎರಡೂ ಒಂದೇ ಹಾಳೆಯಲ್ಲಿ. ಇದನ್ನು ಇಬ್ಬಂದಿತನ ಎಂದು ಹೇಳಲು ನನಗೆ ಮನಸ್ಸಿಲ್ಲ. ಅವರು ತಮ್ಮ ಮಾತನ್ನು ಕಾನೂನಿನ ಅಂಚಿನವರೆಗೆ ತೆಗೆದುಕೊಂಡು ಹೋಗಿ ಅಲ್ಲಿ ನಿಲ್ಲಿಸುತ್ತಿದ್ದರು.

ಇವು ನಮ್ಮ ಕಡೆಗೆ ಹೇಗೆ ಬರುತ್ತಿದ್ದವು? ಹಿರಿಯೂರಿಗೆ ಆಗ ರೈಲಿರಲಿಲ್ಲ, ಬೆಂಗಳೂರಿನ ಪತ್ರಿಕೆ ಅಂಚೆಯಲ್ಲಿ ಬರಬೇಕು. ನಮ್ಮ ದಾದಾ ಹಿರಿಯೂರಿನ ಒಂದು ಮಂಡಿಯಲ್ಲಿ ಕೆಲಸ ಮಾಡುತ್ತಿದ್ದರು. ಅವರಿಗೆ ಓದಲು ಬರುತ್ತಿದ್ದುದು ಉರ್ದು ಮಾತ್ರ. ಮಂಡಿಯ ಗುಮಾಸ್ತರು ಬೆಳಿಗ್ಗೆ ಕನ್ನಡ ಪತ್ರಿಕೆಯನ್ನು ಗಟ್ಟಿಯಾಗಿ ಓದುತ್ತಿದ್ದರಂತೆ, ಮೊದಲು ಶೇಂಗಾ ಮತ್ತು ಹತ್ತಿಯ ಧಾರಣೆ, ಆಮೇಲೆ ರಾಜಕೀಯ. ಧಾರಣೆ ಕೇಳಿ ಎದ್ದು ಹೋಗುವವರು ಹೋಗುತ್ತಿದ್ದರು, ಉಳಿದವರು ಕೂತು ಕೇಳುತ್ತಿದ್ದರು. ಇದನ್ನು ಅಬ್ಬಾ ಎಷ್ಟೋ ಸಲ ಹೇಳಿದ್ದಾರೆ. ಚಂದಾದಾರ ಒಬ್ಬನೇ, ಕೇಳುವವರು ಹತ್ತಾರು ಮಂದಿ. ಪತ್ರಿಕೆಗಳ ಅಂದಿನ ಪ್ರಭಾವವನ್ನು ಮುದ್ರಿಸಿದ ಪ್ರತಿಗಳಿಂದ ಅಳೆಯಬಾರದು ಎನ್ನುವುದು ಇದಕ್ಕೇ.

ಇಲ್ಲಿಯವರೆಗೆ ಹೇಳಿದ್ದು ಪತ್ರಿಕೆಗಳ ಒಳ್ಳೆಯ ಮುಖ. ಇನ್ನೊಂದು ಮುಖವನ್ನೂ ನೋಡದೆ ಹೋದರೆ ನಾನು ಮೇಷ್ಟ್ರಾಗಿ ಸುಳ್ಳು ಹೇಳಿದಂತೆ. 1928ರ ಜುಲೈನಲ್ಲಿ ಬೆಂಗಳೂರಿನ ಸುಲ್ತಾನಪೇಟೆಯ ಶಾಲೆಯೊಂದರ ಆವರಣದಲ್ಲಿದ್ದ ಗಣಪತಿ ವಿಗ್ರಹದ ವಿಚಾರವಾಗಿ ವಿದ್ಯಾರ್ಥಿಗಳ ಪ್ರತಿಭಟನೆ ಶುರುವಾಯಿತು. ಬಂಧನಗಳಾದವು. ಕೊನೆಗೆ ಹಿಂದೂ ಮುಸ್ಲಿಮರ ನಡುವೆ ಹೊಡೆದಾಟವೇ ಆಯಿತು. ವಿಶ್ವೇಶ್ವರಯ್ಯನವರ ಅಧ್ಯಕ್ಷತೆಯಲ್ಲಿ ವಿಚಾರಣಾ ಸಮಿತಿ ಕೂತಿತು. ಆಗ ದಿವಾನರು ಮಿರ್ಜಾ ಇಸ್ಮಾಯಿಲ್. ಈ ಗಲಭೆಯ ವಿಷಯದಲ್ಲಿ ಪತ್ರಿಕೆಗಳು ಪಕ್ಷ ಹಿಡಿದೇ ಬರೆದವು. ಒಬ್ಬರ ಕಣ್ಣಿಗೆ ಅದು ಸರ್ಕಾರದ ದಬ್ಬಾಳಿಕೆಯ ವಿರುದ್ಧ ವಿದ್ಯಾರ್ಥಿಗಳ ಹೋರಾಟ. ಇನ್ನೊಬ್ಬರ ಕಣ್ಣಿಗೆ ಮುಸ್ಲಿಂ ದಿವಾನರ ಮೇಲಿನ ಸಿಟ್ಟು. ಎರಡರಲ್ಲೂ ಸ್ವಲ್ಪ ಸ್ವಲ್ಪ ನಿಜವಿತ್ತು ಎಂದು ನನಗೆ ತೋರುತ್ತದೆ. ಆದರೆ ಒಂದೇ ಪತ್ರಿಕೆಯನ್ನು ಓದಿದವನಿಗೆ ಅರ್ಧ ಮಾತ್ರ ಸಿಗುತ್ತಿತ್ತು.

ಮಿರ್ಜಾ ಇಸ್ಮಾಯಿಲ್ ಎಂದರೆ ನಮ್ಮಲ್ಲಿ ಅಭಿಮಾನ. 1926ರಿಂದ 1941ರವರೆಗೆ ದಿವಾನರಾಗಿ ಕೈಗಾರಿಕೆ, ಉದ್ಯಾನ, ಊರಿನ ಅಂದ ಇವುಗಳಿಗಾಗಿ ಅವರು ಮಾಡಿದ ಕೆಲಸಕ್ಕೆ ಆ ಅಭಿಮಾನ ಸಲ್ಲಬೇಕಾದದ್ದೇ. ಆದರೆ 1908ರ ಪತ್ರಿಕಾ ಕಾನೂನು ಅವರ ಕೈಯಲ್ಲೂ ಮುಂದುವರಿಯಿತು. ನಮ್ಮವರು ಎಂಬ ಕಾರಣಕ್ಕೆ ಆ ಸಾಲನ್ನು ಬಿಟ್ಟರೆ, ಪತ್ರಿಕೆಯನ್ನು ಬೀರುವಿನ ಹಿಂದೆ ತುರುಕಿದ ಹುಡುಗನಿಗೂ ನನಗೂ ಏನು ವ್ಯತ್ಯಾಸ?

ಮುಂದಿನ ಕಥೆ ಬೇಗ ಹೇಳುತ್ತೇನೆ, ಅದು ನಿಮ್ಮ ಪಠ್ಯದಲ್ಲೂ ಇದೆ. 1930ರಲ್ಲಿ ಕೆ.ಸಿ. ರೆಡ್ಡಿ ಮತ್ತಿತರರು ರೈತರ ಕಷ್ಟಗಳನ್ನು ಮುಂದಿಟ್ಟು ಪ್ರಜಾಪಕ್ಷ ಕಟ್ಟಿದರು. ಕೆಲವು ವರ್ಷಗಳ ನಂತರ ಅದು ಪ್ರಜಾಮಿತ್ರ ಮಂಡಲಿಯ ಜೊತೆ ಕೂಡಿ ಪ್ರಜಾ ಸಂಯುಕ್ತ ಪಕ್ಷವಾಯಿತು. ಇದೇ ದಶಕದಲ್ಲಿ ಬಿ.ಎನ್. ಗುಪ್ತ ಅವರ 'ಪ್ರಜಾಮತ' ವಾರಪತ್ರಿಕೆಯೂ 'ಜನವಾಣಿ' ದಿನಪತ್ರಿಕೆಯೂ ಓದುಗರ ಕೈಗೆ ಬಂದವು. 1937ರ ಅಕ್ಟೋಬರ್‌ನಲ್ಲಿ ಎರಡು ಮುಖ್ಯ ಘಟನೆಗಳಾದವು. ಬೊಂಬಾಯಿಯ ಕಾಂಗ್ರೆಸ್ ನಾಯಕ ಕೆ.ಎಫ್. ನಾರಿಮನ್ ಬೆಂಗಳೂರಿನಲ್ಲಿ ಭಾಷಣ ಮಾಡಿ ಬಂಧನಕ್ಕೊಳಗಾದರು. ಪ್ರಜಾ ಸಂಯುಕ್ತ ಪಕ್ಷ ಕಾಂಗ್ರೆಸ್ಸಿನಲ್ಲಿ ಸೇರಿಹೋಯಿತು. ಇಪ್ಪತ್ತು ವರ್ಷ ಬೇರೆ ಬೇರೆ ಪತ್ರಿಕೆಗಳನ್ನು ಓದಿಕೊಂಡು ಬಂದ ಊರಿನ ವಕೀಲರೂ ಹಳ್ಳಿಯ ಪಟೇಲರೂ ಈಗ ಒಂದೇ ಸಭೆಯಲ್ಲಿ ಕೂತರು. ಈ ಇಪ್ಪತ್ತು ವರ್ಷದ ತಯಾರಿ ನಡೆದದ್ದು ಎಲ್ಲಿ ಎಂದು ಕೇಳಿದರೆ, ಬಹುಮಟ್ಟಿಗೆ ಪತ್ರಿಕೆಯ ಹಾಳೆಯ ಮೇಲೆ ಎಂದೇ ನನ್ನ ಉತ್ತರ.

1938ರ ಏಪ್ರಿಲ್‌ನಲ್ಲಿ ಮದ್ದೂರಿನ ಹತ್ತಿರದ ಶಿವಪುರದಲ್ಲಿ ಟಿ. ಸಿದ್ಧಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು. ಅದೇ ತಿಂಗಳ 25ರಂದು ವಿದುರಾಶ್ವತ್ಥದಲ್ಲಿ ಪೊಲೀಸರು ಗುಂಡು ಹಾರಿಸಿದರು. ಸತ್ತವರು ಎಷ್ಟು? ಸರ್ಕಾರ ಒಂದು ಸಂಖ್ಯೆ ಹೇಳಿತು, ಜನ ಮೂವತ್ತಕ್ಕೂ ಹೆಚ್ಚು ಎಂದರು. ಪತ್ರಿಕೆಗೆ ಅನುಮತಿ ಕೊಡುವವನೂ ಸತ್ತವರನ್ನು ಎಣಿಸುವವನೂ ಒಬ್ಬನೇ ಆದಾಗ ಆಗುವ ಅನಾಹುತ ಇದು. ಮದರಾಸಿನ ನಿವೃತ್ತ ನ್ಯಾಯಾಧೀಶ ವೇಪಾ ರಾಮೇಶಂ ಅವರ ವಿಚಾರಣಾ ಸಮಿತಿ ಬಂತು. ಸರ್ದಾರ್ ಪಟೇಲರು ಬಂದು ಮಿರ್ಜಾ ಅವರೊಂದಿಗೆ ಮಾತುಕತೆ ನಡೆಸಿದರು, ಮೈಸೂರು ಕಾಂಗ್ರೆಸ್ಸಿಗೆ ಮಾನ್ಯತೆ ಸಿಕ್ಕಿತು. ಹೆಸರಿಟ್ಟುಕೊಂಡು ಓಡಾಡಬಲ್ಲ ಪಕ್ಷ ಸಂಸ್ಥಾನಕ್ಕೆ ಸಿಕ್ಕಿದ್ದು ಆಗ. ಮರುವರ್ಷ, 1939ರಲ್ಲಿ, ನಮ್ಮ ಜಿಲ್ಲೆಯ ತುರುವನೂರಿನಲ್ಲಿ ಈಚಲು ಮರ ಕಡಿದು ಸತ್ಯಾಗ್ರಹ ಮಾಡಿದರು, ಚಿತ್ರದುರ್ಗದ ವಕೀಲ ಎಸ್. ನಿಜಲಿಂಗಪ್ಪನವರು ಜೈಲಿಗೆ ಹೋದರು. ತುರುವನೂರು ಇಲ್ಲಿಂದ ದೂರವೇನಲ್ಲ, ಅಲ್ಲಿಂದ ಬರುವ ವಿದ್ಯಾರ್ಥಿಗಳಿದ್ದರೆ ಮನೆಯ ಹಿರಿಯರನ್ನು ಕೇಳಿ ನೋಡಿ.

ನಾನು ಹಿಡಿದ ಅವಧಿ 1939ಕ್ಕೆ ಮುಗಿಯಿತು. ಆದರೂ ಇನ್ನೊಂದು ಘಟನೆ ಹೇಳದೆ ಬಿಡಲಾರೆ, ಏಕೆಂದರೆ ಅನುಮತಿಯ ಕಾನೂನಿಗೆ ಅಷ್ಟು ಸೊಗಸಾದ ಉತ್ತರ ಬೇರೊಂದು ಸಿಗಲಿಲ್ಲ. 1947ರಲ್ಲಿ ದೇಶ ಸ್ವತಂತ್ರವಾದರೂ ಮೈಸೂರಿನಲ್ಲಿ ಜವಾಬ್ದಾರಿ ಸರ್ಕಾರ ಬಂದಿರಲಿಲ್ಲ. ಸೆಪ್ಟೆಂಬರ್‌ನಲ್ಲಿ 'ಮೈಸೂರು ಚಲೋ' ಚಳವಳಿ ಎದ್ದಿತು, ಪತ್ರಿಕೆಗಳ ಮೇಲೆ ಸೆನ್ಸಾರ್ ಬಿತ್ತು. ಎಚ್.ಎಸ್. ದೊರೆಸ್ವಾಮಿಯವರು ತಮ್ಮ 'ಪೌರವಾಣಿ'ಯನ್ನು ಸಂಸ್ಥಾನದ ಗಡಿ ದಾಟಿಸಿ ಹಿಂದೂಪುರಕ್ಕೆ ಒಯ್ದರು. ಹಿಂದೂಪುರ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು, ಮೈಸೂರಿನ ಹುಕುಂ ಅಲ್ಲಿ ನಡೆಯದು. ಅಲ್ಲಿ ಅಚ್ಚು ಹಾಕಿಸಿ ಈ ಕಡೆಗೆ ಕಳಿಸುತ್ತಿದ್ದರು. ಅಕ್ಟೋಬರ್‌ನಲ್ಲಿ ಕೆ.ಸಿ. ರೆಡ್ಡಿಯವರ ಸರ್ಕಾರ ಬಂತು. ದೊರೆಸ್ವಾಮಿಯವರು 2021ರವರೆಗೆ, ನೂರಮೂರು ವರ್ಷ, ನಮ್ಮ ನಡುವೆಯೇ ಇದ್ದರು. ಹಿಂದೂಪುರದಲ್ಲಿ ಪತ್ರಿಕೆ ಅಚ್ಚು ಹಾಕಿಸಿದ ಅದೇ ಮನುಷ್ಯ ಟಿವಿಯಲ್ಲಿ ಮಾತಾಡುವುದನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರಬಹುದು.

ಇನ್ನು ಆ ಹರಿದ ಪತ್ರಿಕೆಯ ವಿಷಯ. ಅದಕ್ಕೆ ಗೋಂದು ಹಚ್ಚಿ ಫೈಲಿನಲ್ಲಿ ಇಟ್ಟಿದ್ದೇನೆ. ಜಗಳವಾಡಿದ ಇಬ್ಬರಿಗೂ ಒಂದು ಕೆಲಸ ಒಪ್ಪಿಸಿದ್ದೇನೆ. ಪ್ರತಿ ಶನಿವಾರ ಒಂದೇ ಸುದ್ದಿಯನ್ನು ಮೂರು ಪತ್ರಿಕೆಗಳಿಂದ ಕತ್ತರಿಸಿ ವಾಚನಾಲಯದ ಬೋರ್ಡಿಗೆ ಪಕ್ಕಪಕ್ಕ ಅಂಟಿಸಬೇಕು, ಒಂದರಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದ ಸಾಲಿನ ಕೆಳಗೆ ಕೆಂಪು ಗೆರೆ ಎಳೆಯಬೇಕು. ಮೊದಲ ವಾರ ಮೂವತ್ತು ಗೆರೆ ಎಳೆದರು. ಎರಡನೆಯ ವಾರ, ತಾನು ಯಾವ ಪೇಪರನ್ನು ಬಚ್ಚಿಟ್ಟಿದ್ದನೋ ಅದರಲ್ಲಿ ಮಾತ್ರ ನಮ್ಮ ತಾಲ್ಲೂಕಿನ ಕುಡಿಯುವ ನೀರಿನ ಸುದ್ದಿ ಬಂದಿದೆ ಎಂದು ಆ ಹುಡುಗನೇ ಬಂದು ಹೇಳಿದ.

ನಿಮ್ಮ ಮನೆಯ ಹಳೆಯ ಟ್ರಂಕಿನ ತಳದಲ್ಲೋ ಅಟ್ಟದ ಮೇಲೋ 'ತಾಯಿನಾಡು', 'ಪ್ರಜಾಮತ', 'ವಿಶ್ವಕರ್ನಾಟಕ' ಇವುಗಳ ಒಂದು ಹಾಳೆ ಸಿಕ್ಕರೂ, ಅಥವಾ ಆ ಕಾಲದ ಯಾವುದೇ ಉರ್ದು ಪತ್ರಿಕೆ ಸಿಕ್ಕರೂ ತನ್ನಿ. ಹರಿದಿದ್ದರೂ ಪರವಾಗಿಲ್ಲ. ಒಂದು ದಿನ ಇಟ್ಟುಕೊಂಡು ಫೋಟೋ ತೆಗೆದು ನಿಮಗೇ ವಾಪಸ್ ಕೊಡುತ್ತೇನೆ.